ಕೆಂಪು ಶಾಯಿ ಹುಡುಕಿಕೊಂಡು ಜಾವಾಕ್ಕೆ

ಇಲಕಲ್ಲು

ನನ್ನ ಬ್ಯಾಗಿನಲ್ಲಿ ಅರ್ಧ ಸೀರೆ, ಇನ್ನರ್ಧ ಹನ್ನೊಂದು ನೋಟುಬುಕ್ಕು. ಆ ನೋಟುಬುಕ್ಕುಗಳನ್ನು ಯಾರಿಂದಲಾದರೂ ತಿದ್ದಿಸಿಕೊಂಡು ಬರಬೇಕೆಂದೇ ನಾನು ಇಂಡೋನೇಷ್ಯಾಕ್ಕೆ ಹೋದದ್ದು. ದೇವಸ್ಥಾನ, ಜ್ವಾಲಾಮುಖಿ, ಸಮುದ್ರ ಎಲ್ಲ ಆಮೇಲಿನ ಮಾತು. ನಗುವವರು ಈಗಲೇ ನಕ್ಕುಬಿಡಲಿ. ನಮ್ಮೂರಿನಲ್ಲಿ ಆ ಕಾರ್ಯಕ್ರಮ ಏಳು ವರ್ಷದಿಂದ ನಡೆದೇ ಇದೆ.

ನಾನು ಗುಡೂರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆ ಇಲಕಲ್ಲಿನಲ್ಲಿ, ವಯಸ್ಸು ಐವತ್ಮೂರು. ಏಳು ವರ್ಷದ ಹಿಂದೆ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಹೊಂಡದ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ ತಲೆ ಎಣಿಸಿದರೆ ನಲವತ್ತೆರಡು. ಇರಬೇಕಾದದ್ದು ನಲವತ್ಮೂರು. ಇನ್ನೊಮ್ಮೆ ಎಣಿಸಿದೆ, ಮತ್ತೆ ನಲವತ್ತೆರಡು. ಎದುರಿಗೆ ಆಳವಾದ ನೀರು. ಪಕ್ಕದಲ್ಲಿ ಕೂತಿದ್ದ ಪರದೇಶದ ಹೆಂಗಸೊಬ್ಬಳು ನನ್ನ ಮುಖ ನೋಡಿ ಎದ್ದು ಬಂದಳು. ಬೆರಳು ಮಾಡಿ ತನ್ನ ಭಾಷೆಯಲ್ಲಿ ತಾನೇ ಎಣಿಸತೊಡಗಿದಳು: ಸಾತು, ದುವಾ, ತಿಗಾ... ಅವಳ ಕೊನೆಯ ಬೆರಳು ನನ್ನ ಬೆನ್ನ ಹಿಂದಕ್ಕೆ ಹೋಯಿತು. ನಲವತ್ಮೂರನೆಯ ಹುಡುಗಿ ನನ್ನ ಸೆರಗು ಹಿಡಿದುಕೊಂಡೇ ನಿಂತಿದ್ದಳು. ಆ ಹೆಂಗಸಿನ ಹೆಸರು ಕೇಳಲೂ ಆಗಲಿಲ್ಲ. ಇಂಡೋನೇಷ್ಯಾದವರು ಎಂದು ಅವರ ಗೈಡು ಹೇಳಿದ. ಆ ಎಣಿಕೆ ಮಾತ್ರ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ನನ್ನ ಕಿವಿಯಲ್ಲಿತ್ತು. ಪೂರ್ತಿ ಕಲಿಯೋಣ ಎನ್ನಿಸಿತು, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಕಲಿಯುವುದಾದರೂ ಎಲ್ಲಿ? ಬಾಗಲಕೋಟೆಯ ಪುಸ್ತಕದ ಅಂಗಡಿಯಲ್ಲಿ ಕೇಳಿದರೆ, ಅಂಗಡಿಯವನು ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ ತಂದು ಮುಂದಿಟ್ಟ.

"ಇದನ್ನ ಕಲೀರಿ ಅಕ್ಕೋರ. ಎಲ್ಲಾ ದೇಶಕ್ಕೂ ನಡೀತೈತಿ."

ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಅದು ಎಲ್ಲವನ್ನೂ ಇಂಗ್ಲಿಷಿನ ಮೂಲಕವೇ ಕಲಿಸುತ್ತಿತ್ತು, ಒಂದು ದಿನ ತಪ್ಪಿಸಿದರೆ ಅಳುವ ಚಿತ್ರ ತೋರಿಸುತ್ತಿತ್ತು. ಮೂವತ್ತು ವರ್ಷ ಅಳುವ ಮಕ್ಕಳನ್ನು ಸುಮ್ಮನಾಗಿಸಿದವಳು ನಾನು, ಇದಕ್ಕೆಲ್ಲ ಕರಗುವುದಿಲ್ಲ. ಹತ್ತು ದಿನಕ್ಕೆ ಅಳಿಸಿ ಹಾಕಿದೆ. ಆಗ ಹೊಳೆಯಿತು: ಆ ದೇಶದ ಮಕ್ಕಳು ಯಾವ ಪುಸ್ತಕದಿಂದ ಕಲಿಯುತ್ತಾರೆ? ಹುಡುಕಿದರೆ, ಅಲ್ಲಿನ ಶಾಲೆಯ ಪಠ್ಯಪುಸ್ತಕಗಳೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿದ್ದವು. ಒಂದನೇ ಇಯತ್ತೆಯದನ್ನು ಹುನಗುಂದದ ಝೆರಾಕ್ಸ್ ಅಂಗಡಿಗೆ ಒಯ್ದೆ.

"ಯಾವ ಪರೀಕ್ಷೆಕ್ರೀ ಅಕ್ಕೋರ ಇದು?"

"ಯಾವುದಕ್ಕೂ ಅಲ್ಲಪಾ."

"ಮತ್ತ ಯಾಕ್ರಿ?"

"ಸುಮ್ನ."

ಅವನು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದ. ನಮ್ಮ ಕಡೆ ಕಲಿಯುವುದಕ್ಕೆ ಎರಡೇ ಕಾರಣ, ಒಂದು ಪರೀಕ್ಷೆ, ಇನ್ನೊಂದು ನೌಕರಿ. ಇವೆರಡೂ ಇಲ್ಲದೆ ಓದುವ ಹೆಂಗಸಿಗೆ ಮನೆಯಲ್ಲಿ ಕೆಲಸ ಇಲ್ಲ ಎಂದೇ ಅರ್ಥ. ಬಾಗಲಕೋಟೆಯ ಕಾಲೇಜಿನಲ್ಲಿ ಕಲಿಸುವ ನನ್ನ ತಂಗಿ ಸುಮಿತ್ರಾ ಅದನ್ನು ಬಾಯಿಬಿಟ್ಟೇ ಹೇಳಿದಳು.

"ಅಕ್ಕಾ, ಅಷ್ಟ ಹುರುಪಿದ್ರ ಇಂಗ್ಲಿಷರ ಸುಧಾರಿಸ್ಕೊ. ನಿನ್ನ ಸಾಲಿ ಮಕ್ಕಳಿಗರ ಉಪಯೋಗ ಆಕ್ಕೈತಿ. ಇದರಿಂದ ಏನ್ ಬರೂದೈತಿ?"

"ನೀ ದಿನಾ ಸಂಜಿಕ ಎರಡು ತಾಸು ಸೀರಿಯಲ್ ನೋಡ್ತಿ. ಅದರಿಂದ ಏನ್ ಬಂದೈತಿ?" ಎಂದೆ. ಒಂದು ವಾರ ಅವಳ ಫೋನು ಬರಲಿಲ್ಲ.

ಹೀಗೆ ಒಂದನೇ ಇಯತ್ತೆಯಿಂದ ಐದನೇ ಇಯತ್ತೆಯವರೆಗೆ ಬಂದೆ. ಬೆಳಿಗ್ಗೆ ಗುಡೂರಿಗೆ ಹೋಗುವ ಬಸ್ಸಿನಲ್ಲಿ ಓದು, ರಾತ್ರಿ ಊಟಕ್ಕೆ ಮೊದಲು ಬರಹ. ಒಂದು ಅಭ್ಯಾಸವನ್ನೂ ಬಿಡಲಿಲ್ಲ. ನೋಟುಬುಕ್ಕಿಗೆ ಖಾಕಿ ರಟ್ಟು ಹಾಕಿ, ಹೆಸರಿನ ಚೀಟಿ ಅಂಟಿಸಿದೆ. ಆದರೆ ತಿದ್ದುವವರು ಯಾರು? ಇಂಟರ್ನೆಟ್ಟಿನ ಒಂದು ಗುಂಪಿಗೆ ಒಂದು ಪುಟ ಹಾಕಿದೆ. ಹದಿನೆಂಟು ಜನ ಚಪ್ಪಾಳೆ ತಟ್ಟಿದರು, ಒಬ್ಬರೂ ಓದಲಿಲ್ಲ. ತಿದ್ದದ ನೋಟುಬುಕ್ಕು ಎಂದರೆ ಏನೆಂದು ಶಿಕ್ಷಕಿಗೆ ಗೊತ್ತಿರುತ್ತದೆ. ಏಳು ವರ್ಷ ನಾನು ಕಲಿತದ್ದು ಖರೇನೇ ಒಂದು ಭಾಷೆಯೋ, ಅಥವಾ ನನಗೆ ನಾನೇ ಆಡಿಕೊಂಡ ಆಟವೋ? ಅದನ್ನು ಹೇಳುವವರು ನಮ್ಮ ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಆ ಒಂದು ಉತ್ತರಕ್ಕಾಗಿ ನಾನು ಬೇಸಿಗೆ ಸೂಟಿಯಲ್ಲಿ ಪಾಸ್‌ಪೋರ್ಟು ಮಾಡಿಸಿದೆ.

"ಹೋಗಿ ಬಾ," ಎಂದರು ನಮ್ಮ ಮನೆಯವರು. "ಇಲ್ಲಂದ್ರ ಒಂದಿನ ಅವನ್ನ ನನ್ನ ಕಡೇನ ತಿದ್ದಸ್ತಿ."

ಜೋಗ್ಜಾ, ಮೊದಲ ದಿನ

ನಕಾಶೆಯಲ್ಲಿ ಯೋಗ್ಯಕರ್ತಾ, ಜನರ ಬಾಯಲ್ಲಿ ಜೋಗ್ಜಾ. ಬಾಗಲಕೋಟೆ ನಮ್ಮ ಬಾಯಲ್ಲಿ ಬಾಗಲಕೋಟಿ ಆದ ಹಾಗೆ. ಮಧ್ಯ ಜಾವಾದ ಈ ಊರಿಗೆ ಹತ್ತು ದಿನಕ್ಕೆಂದು ಹೋಗಿದ್ದೆ. ಆ ಹತ್ತು ದಿನ ಇಂಗ್ಲಿಷು ಬಾಯಿಗೆ ಹಾಕುವುದಿಲ್ಲ ಎಂದು ವ್ರತ ಹಿಡಿದಿದ್ದೆ. ಸೋಮವಾರ ಒಪ್ಪತ್ತು ಮಾಡುವವಳಿಗೆ ಇದೇನು ಕಷ್ಟ?

ವಿಮಾನ ನಿಲ್ದಾಣದ ಅಧಿಕಾರಿ ಇಂಗ್ಲಿಷಿನಲ್ಲಿ, ಯಾಕೆ ಬಂದಿರಿ ಎಂದು ಕೇಳಿದ. ನಾನು ಅವನ ಭಾಷೆಯಲ್ಲಿ ಕೈಕಟ್ಟಿ ನಿಂತು ಹೇಳಿದೆ: "ಗುರುಗಳೇ, ನಮಸ್ಕಾರ. ನಾನು ಗೃಹಪಾಠ ತಿದ್ದಿಸಿಕೊಳ್ಳಲು ಬಂದಿದ್ದೇನೆ."

ನನ್ನ ಭಾಷೆಯೆಲ್ಲ ಶಾಲೆಯ ಪುಸ್ತಕದ್ದು. ಅದರಲ್ಲಿ ಎದುರಿಗೆ ನಿಂತವರು ಒಂದೋ ಗುರುಗಳು, ಇಲ್ಲವೋ ಗೆಳೆಯರು. ಪಾಸ್‌ಪೋರ್ಟಿಗೆ ಒತ್ತಲು ಅಧಿಕಾರಿ ಎತ್ತಿದ ಸಿಕ್ಕೆ ಹಾಗೇ ಮೇಲೆ ನಿಂತಿತು. ಪಕ್ಕದವನನ್ನು ಕರೆದು, ಇನ್ನೊಮ್ಮೆ ಹೇಳಿ ಎಂದ. ಹೇಳಿದೆ. "ಬಗುಸ್! ಬಗುಸ್ ಸೆಕಾಲಿ!" ಎಂದು ಇಬ್ಬರೂ ಹೊಗಳಿದರು. ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂದು ಅದರ ಅರ್ಥ. ಅಂದು ಆ ಪದ ಕೇಳಿ ಖುಷಿಯಾಗಿತ್ತು. ನಾಲ್ಕೇ ದಿನದಲ್ಲಿ ಅದನ್ನು ಕೇಳಿದರೆ ಮೈ ಉರಿಯತೊಡಗಿತು.

ನಾನು ಇಳಿದುಕೊಂಡದ್ದು ಮೂರು ಕೋಣೆಗಳ ಒಂದು ಮನೆಯಲ್ಲಿ. ಯಜಮಾನಿಯ ಹೆಸರು ಸ್ರೀ. ನಾವು ಹೆಂಗಸರ ಹೆಸರಿನ ಕೊನೆಗೆ 'ಬಾಯಿ' ಸೇರಿಸಿದಂತೆ ಅವರು ಮೊದಲಿಗೆ 'ಬು' ಸೇರಿಸುತ್ತಾರೆ. ಹಾಗಾಗಿ ಅವರು ಬು ಸ್ರೀ. ಸಂಜೆ ಬಚ್ಚಲಿನ ನಳದಲ್ಲಿ ನೀರು ಬರಲಿಲ್ಲ. ನನಗೆ ಚಿಟ್ಟೆಯ ಜೀವನಚಕ್ರ ಗೊತ್ತು, ಧ್ವಜಾರೋಹಣದ ಕ್ರಮ ಗೊತ್ತು. ನಳ ಕೆಟ್ಟಿದೆ ಎನ್ನುವುದು ಮಾತ್ರ ಐದು ಇಯತ್ತೆಗಳಲ್ಲಿ ಎಲ್ಲೂ ಬಂದಿರಲಿಲ್ಲ. ನೀರಿನ ಪಾಠ ನೆನಪಿಸಿಕೊಂಡು ಕೇಳಿದೆ: "ಬು ಸ್ರೀ, ಈ ಮನೆಯಲ್ಲಿ ನೀರಿನ ಅಭಾವವಿದೆ. ಇದಕ್ಕೆ ಕಾಡಿನ ನಾಶ ಕಾರಣವೇ?"

ಬು ಸ್ರೀ ನಗಲಿಲ್ಲ. ಗಂಭೀರವಾಗಿ ಹೋಗಿ ಮೇಲಿನ ಟಾಕಿಯ ಪಂಪು ಹಚ್ಚಿ ಬಂದು, "ನಿಮ್ಮ ಭಾಷೆ ಎಷ್ಟು ಸುಂದರವಾಗಿದೆ!" ಎಂದರು.

ಎರಡನೆಯ ದಿನ, ದಿಕ್ಕು ತಪ್ಪಿ

ಜೋಗ್ಜಾದಲ್ಲಿ ಯಾರೂ ಎಡ, ಬಲ ಎನ್ನುವುದಿಲ್ಲ. ದಾರಿ ಕೇಳಿದರೆ ಉತ್ತರ, ದಕ್ಷಿಣ ಎನ್ನುತ್ತಾರೆ. ಊಟಕ್ಕೆ ಕೂತಾಗ ನೀರಿನ ಲೋಟವನ್ನೂ "ಸ್ವಲ್ಪ ಪಶ್ಚಿಮಕ್ಕೆ ಸರಿಸಿ" ಎನ್ನುತ್ತಾರೆ. ಹತ್ತಿರದಲ್ಲಿ ಶಾಲೆ ಎಲ್ಲಿದೆ ಎಂದು ಕೇಳಿದಾಗ ಬು ಸ್ರೀ, "ಉತ್ತರಕ್ಕೆ ಹೋಗಿ, ಆಲದ ಮರದ ಬಳಿ ಪೂರ್ವಕ್ಕೆ ತಿರುಗಿ" ಎಂದರು. ದಿಕ್ಕು ಕಲಿಸುವವಳಿಗೇ ದಿಕ್ಕು ಹೇಳುತ್ತಾರಲ್ಲ ಎಂದುಕೊಂಡು ಹೊರಟೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಅಂಗಳದಲ್ಲಿ ನಿಂತು ನನ್ನ ನೆರಳು ನೋಡಿದೆ. ನಡು ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಚಳಿಗಾಲದಲ್ಲಿ ಕೋಲು ನೆಟ್ಟು ಮಕ್ಕಳಿಗೆ ತೋರಿಸುತ್ತ ಬಂದವಳು ನಾನು. ನೆರಳು ತೋರಿದ ಕಡೆಗೆ ನಡೆದೆ.

ಹತ್ತು ನಿಮಿಷವಾದರೂ ಆಲದ ಮರ ಕಾಣಲಿಲ್ಲ. ಹೂ ಮಾರುವವಳನ್ನು ಕೇಳಿದೆ, "ಇದು ಉತ್ತರವೇ?" ಅವಳು ನಕ್ಕು, "ಈ ಕಡೆಯೂ ಹೋಗಬಹುದು" ಎಂದಳು. ಇನ್ನೊಬ್ಬ, "ಬಿಸಿಲಿದೆ, ನಿಧಾನವಾಗಿ ಹೋಗಿ" ಎಂದು ನೀರು ಕೊಟ್ಟ. ಒಂದು ತಾಸಾಯಿತು. ಊರು ಮುಗಿದು ಭತ್ತದ ಗದ್ದೆ ಬಂತು. ನಾನು ನಿಂತೆ. ನಿಂತೊಡನೆ ಹಿಂದಿನಿಂದ ಒಂದು ಸ್ಕೂಟರು ಬಂದು ಪಕ್ಕಕ್ಕೆ ನಿಂತಿತು. ಬು ಸ್ರೀ ಅವರ ಓಣಿಯ ಹಣ್ಣಿನ ಅಂಗಡಿಯವನು.

"ಬನ್ನಿ ತಾಯಿ, ಶಾಲೆಯ ಕಡೆಗೆ ಬಿಡುತ್ತೇನೆ. ಅದು ಉತ್ತರಕ್ಕಿದೆ."

"ಮತ್ತೆ ನಾನು ಬಂದದ್ದು?"

"ದಕ್ಷಿಣಕ್ಕೆ."

"ನಿಮಗೆ ಮೊದಲೇ ಗೊತ್ತಿತ್ತೇ?"

"ಗೊತ್ತಿತ್ತು ತಾಯಿ. ಆದರೆ ನೀವು ಅಷ್ಟು ಖಾತ್ರಿಯಿಂದ ನಡೆಯುತ್ತಿದ್ದಿರಿ. ನೀವಾಗಿಯೇ ನಿಂತ ಮೇಲೆ ಕರೆಯೋಣ ಎಂದು ಹಿಂದೆಯೇ ಬಂದೆ."

ಜಾವಾ ಇರುವುದು ಭೂಮಧ್ಯರೇಖೆಯ ಕೆಳಗೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದೂ ನಾನೇ ಕಲಿಸುವ ಪಾಠ. ಆ ತಪ್ಪು ನನ್ನದು, ಒಪ್ಪಿದೆ. ಆದರೆ ಒಂದು ಊರಿಗೆ ಊರೇ ನನ್ನ ತಪ್ಪನ್ನು ಕಂಡು, ನಕ್ಕು, ನೀರು ಕೊಟ್ಟು ಮುಂದೆ ಕಳಿಸಿತಲ್ಲ! ನಮ್ಮ ಇಲಕಲ್ಲು ಬಸ್‌ಸ್ಟ್ಯಾಂಡಿನಲ್ಲಿ ಹುನಗುಂದಕ್ಕೆ ಹೋಗುವವರು ಕುಷ್ಟಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಡಲಿ ನೋಡೋಣ. "ಏ, ಇಳೀರಿ, ಕಣ್ಣ ಕಾಣಸೂದಿಲ್ಲೇನು? ಬೋರ್ಡ್ ಓದ್ರಿ!" ಎಂದು ಇಡೀ ಬಸ್ಸು ಕೂಗುತ್ತದೆ. ಅದಕ್ಕೆ ನಾವು ಒರಟರು ಎನ್ನಿಸಿಕೊಂಡಿದ್ದೇವೆ. ಆದರೆ ನಮ್ಮಲ್ಲಿ ಯಾರೂ ಭತ್ತದ ಗದ್ದೆಯವರೆಗೆ ಹೋಗುವುದಿಲ್ಲ.

ಮೂರನೆಯ ದಿನ, ಶಾಲೆ

ಅಂದು ತಲುಪುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ಮರುದಿನ ಬೆಳಿಗ್ಗೆ ಹನ್ನೊಂದೂ ನೋಟುಬುಕ್ಕು ಹೊತ್ತುಕೊಂಡು ಮತ್ತೆ ಹೋದೆ. ಮುಖ್ಯೋಪಾಧ್ಯಾಯರು ಸಕ್ಕರೆ ಸುರಿದ ಚಹಾ ಕೊಟ್ಟರು, ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ತಿಂಡಿ ಕೊಟ್ಟರು. ಶಿಕ್ಷಕಿಯರೆಲ್ಲ ನನ್ನ ಇಲಕಲ್ಲ ಸೀರೆಯ ಸೆರಗು ಮುಟ್ಟಿ ನೋಡಿ ಫೋಟೋ ತೆಗೆಸಿಕೊಂಡರು. ನಾನು ಐದನೇ ಇಯತ್ತೆಯ ನೋಟುಬುಕ್ಕು ತೆರೆದಿಟ್ಟು, ದಯವಿಟ್ಟು ತಪ್ಪು ತಿದ್ದಿ ಎಂದೆ. ಐದನೇ ಇಯತ್ತೆಯ ಶಿಕ್ಷಕಿ ಎರಡು ಪುಟ ತಿರುವಿದರು. ಪೆನ್ನು ತೆಗೆದರು. ಅವರು ಪುಟದ ಕೆಳಗೆ ಒಂದು ದೊಡ್ಡ ನಕ್ಷತ್ರ ಬರೆದು, ಅದಕ್ಕೆ ಕಣ್ಣು ಬಾಯಿ ಬಿಡಿಸಿ, ಪಕ್ಕದಲ್ಲಿ 'ಅದ್ಭುತ!' ಎಂದು ಬರೆದರು.

"ತಪ್ಪುಗಳು?" ಎಂದೆ.

"ಇಷ್ಟು ದೂರದಿಂದ ಬಂದಿದ್ದೀರಿ, ತಪ್ಪು ಯಾಕೆ ನೋಡಬೇಕು?" ಎಂದರು.

ಅವರದು ಒಳ್ಳೆಯ ಮನಸ್ಸೇ. ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಹೊಗಳಿ ಅಟ್ಟಕ್ಕೇರಿಸುವುದಾಗಿದ್ದರೆ ಫೋನಿನ ಆ ಗುಂಪೇ ಸಾಕಿತ್ತಲ್ಲ. ನಕ್ಷತ್ರ ಕೊಡುವುದು ಅಂಗನವಾಡಿಯ ಕೂಸಿಗೆ. ನಾನು ಐವತ್ಮೂರು ವರ್ಷದವಳು, ನನಗೆ ಸತ್ಯ ತಾಳಿಕೊಳ್ಳುವ ಶಕ್ತಿ ಇದೆ.

ಮುಂದಿನ ಎರಡು ದಿನವೂ ಅದೇ ಹಾಡು. ಊರಾಚೆಯ ದೊಡ್ಡ ದೇವಸ್ಥಾನ ನೋಡಲು ಹೋದೆ. ಚೆಂದವಿದೆ. ಆದರೆ ಪಟ್ಟದಕಲ್ಲು ಕಂಡವಳು ನಾನು, ಕಲ್ಲಿಗೆ ಬೆರಗಾಗಲು ಸಮುದ್ರ ದಾಟಬೇಕಿರಲಿಲ್ಲ. ಅಲ್ಲಿ ಹೈಸ್ಕೂಲಿನ ಹುಡುಗಿಯರ ಗುಂಪೊಂದು ಸುತ್ತುವರಿಯಿತು. ಪರದೇಶದವರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ಬರೆದುಕೊಂಡು ಬರಬೇಕೆಂದು ಅವರಿಗೆ ಗೃಹಪಾಠ ಕೊಟ್ಟಿದ್ದರಂತೆ. "ನೀವು ನನ್ನ ಗೃಹಪಾಠ ತಿದ್ದಿ, ಆಮೇಲೆ ನಿಮ್ಮದರ ವಿಚಾರ ಮಾಡೋಣ" ಎಂದು ಅವರ ಭಾಷೆಯಲ್ಲೇ ಹೇಳಿದೆ. ಬಗುಸ್, ಬಗುಸ್ ಎಂದು ಕಿಸಿಕಿಸಿ ನಕ್ಕು ಓಡಿಹೋದರು.

ಆ ಸಂಜೆ ಬು ಸ್ರೀ ಅವರನ್ನು ಹಿಡಿದು ಕೂರಿಸಿದೆ. "ನಿಜ ಹೇಳಿ. ನನ್ನ ಭಾಷೆ ಹೇಗಿದೆ?"

ಅವರು ಚಹಾ ಸುರಿದರು, ಲೋಟ ಒರೆಸಿದರು, ಮತ್ತೆ ಸುರಿದರು. "ಬಹಳ... ಸ್ವಚ್ಛವಾಗಿದೆ."

ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಏಳು ವರ್ಷದ ಕತೆಯನ್ನು ನನಗೆ ಬಂದಷ್ಟು ಭಾಷೆಯಲ್ಲಿ ಹೇಳಿದೆ. ಬು ಸ್ರೀ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಪೂರ್ವದ ಓಣಿಯಲ್ಲಿ ಒಬ್ಬರಿದ್ದಾರೆ. ಬು ರೋತುವಾ ಅಂತ. ನಿವೃತ್ತ ಶಿಕ್ಷಕಿ. ನಮ್ಮವರಲ್ಲ, ಸುಮಾತ್ರಾ ದ್ವೀಪದ ಬಾತಕ್ ಜನ. ಅವರು ಸ್ವಲ್ಪ... ನೇರ. ನಾನು ಬಾಗಿಲವರೆಗೆ ಬರುತ್ತೇನೆ, ಒಳಗೆ ಬರಲಾರೆ."

ಆರನೆಯ ದಿನ, ಪೂರ್ವದ ಓಣಿ

ಮನೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ದನಿ ಕೇಳಿಸಿತು. ಎಪ್ಪತ್ತು ದಾಟಿದ ಹೆಂಗಸು ಕಾಯಿಪಲ್ಲೆ ಮಾರುವವನಿಗೆ, ನಿನ್ನೆಯ ಸೊಪ್ಪಿಗೆ ನೀರು ಚಿಮುಕಿಸಿ ತಂದಿದ್ದೀಯಾ ಎಂದು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಬು ಸ್ರೀ ಅಲ್ಲಿಂದಲೇ ಮಾಯವಾದರು. ನನಗೆ ತವರಿಗೆ ಬಂದಂತಾಯಿತು. ಇಷ್ಟು ದಿನ ಕೇಳಿದ ಮಾತೆಲ್ಲ ನನ್ನ ಕಿವಿಗೆ ಮೈಸೂರು ಕಡೆಯ ಸಾಹೇಬರ ಕನ್ನಡದಂತಿತ್ತು, ಇವರದು ಅಪ್ಪಟ ನಮ್ಮ ಓಣಿಯ ಮಾತು. ಆಡಿದ್ದು ಅವರ ಭಾಷೆಯಲ್ಲೇ, ಬರೆಯುವುದು ಮಾತ್ರ ನಮ್ಮ ಮಾತಿನಲ್ಲಿ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೋಟುಬುಕ್ಕು ಇಸಿದುಕೊಂಡು, ಮೊದಲ ಪುಟ ಓದಿದರು.

"ನಿಮಗ ಯಾರು ಕಲಿಸ್ಯಾರ?"

"ಯಾರೂ ಇಲ್ರಿ."

"ಕಾಣತೈತಿ."

ಡ್ರಾಯರಿನಿಂದ ಕೆಂಪು ಪೆನ್ನು ತೆಗೆದರು. ಅಂದು ಸಂಜೆಯವರೆಗೆ, ಮರುದಿನ ಬೆಳಿಗ್ಗೆಯಿಂದ ಮತ್ತೆ ಸಂಜೆಯವರೆಗೆ ಅವರು ಓದಿದರು, ನಾನು ಎದುರಿಗೆ ಕೂತೆ. ಹನ್ನೊಂದು ನೋಟುಬುಕ್ಕಿನ ಒಂದು ಸಾಲನ್ನೂ ಬಿಡಲಿಲ್ಲ. ಗೆರೆ, ಸುತ್ತು, ಬಾಣ. ನಡುನಡುವೆ "ಇದೇನು?", "ಹಿಂಗ ಯಾರು ಮಾತಾಡ್ತಾರ?", "ಮಂದಿ ಜೋಡಿ ಮಾತಾಡೇ ಇಲ್ಲ ನೀವು!" ಎಂದು ಗದರುತ್ತಿದ್ದರು. ಒಂದೊಂದು ಗೆರೆ ಬಿದ್ದಾಗಲೂ ಚುರುಕ್ ಎನ್ನುತ್ತಿತ್ತು. ಇದ್ದದ್ದು ಇದ್ದಂಗ ಹೇಳಿದರ ಎದ್ದು ಬಂದು ಎದಿಗೆ ಒದ್ದರಂತ ಎಂದು ನಮ್ಮ ಕಡೆಯ ಗಾದೆ. ನಾನು ಒದೆಯಲಿಲ್ಲ, ಹಲ್ಲು ಕಚ್ಚಿ ಕೂತೆ.

ಕೊನೆಗೆ ಬಂದದ್ದು ಐದನೇ ಇಯತ್ತೆಯ ಪುಸ್ತಕದ ಕೊನೆಯಲ್ಲಿದ್ದ, ನಾನು ಮನೆಯಲ್ಲೇ ಕೂತು ಬರೆದಿದ್ದ ವಾರ್ಷಿಕ ಪರೀಕ್ಷೆ. ಹತ್ತು ಅಂಕ, ಆರು ಬಂದರೆ ಪಾಸು. ಅದಕ್ಕಿಂತ ಕಡಿಮೆ ಬಂದರೆ ಅಂಕವನ್ನು ಕೆಂಪು ಶಾಯಿಯಲ್ಲಿ ಬರೆಯುವುದು ಅವರ ಕಾಲದ ಪದ್ಧತಿಯಂತೆ. ಅದರಲ್ಲಿ 'ನಮ್ಮ ಮನೆಯ ಮಧ್ಯಾಹ್ನ' ಎಂದು ಒಂದು ಪ್ರಬಂಧವಿತ್ತು. ನಾನು ಬರೆದಿದ್ದೆ: ಮಧ್ಯಾಹ್ನ ನಮ್ಮದು ಜೋಳದ ರೊಟ್ಟಿಯ ಊಟ. ಅನ್ನ ಕೊನೆಗೆ ಒಂದು ತುತ್ತು, ಇಲ್ಲದಿದ್ದರೂ ನಡೆಯುತ್ತದೆ. ಬು ರೋತುವಾ ಆ ಎರಡು ಸಾಲಿಗೆ ಅಡ್ಡಗೆರೆ ಎಳೆದು, ಅಂಚಿನಲ್ಲಿ 'ಅಸಾಧ್ಯ' ಎಂದು ಬರೆದರು.

ಎರಡು ದಿನ ಸುಮ್ಮನಿದ್ದವಳು ನಾನು. "ಇದು ತಪ್ಪಲ್ರಿ" ಎಂದೆ.

"ಅನ್ನ ಇಲ್ದ ಊಟ ಹೆಂಗ ಆಕ್ಕೈತಿ?"

"ನಮ್ಮಲ್ಲಿ ಆಕ್ಕೈತ್ರಿ."

"ಅದು ತಿಂಡಿ. ಅನ್ನ ಉಂಡಿಲ್ಲಂದ್ರ ಉಂಡಂಗ ಅಲ್ಲ."

"ನಿಮ್ಮ ಅನ್ನ ಉಂಡ್ರ ಎರಡ ತಾಸಿಗೆ ಮತ್ತ ಹಸಿವು. ಆರು ದಿನದಿಂದ ನೋಡಾಕತ್ತೀನಿ. ನಮ್ಮ ರೊಟ್ಟಿ ಉಂಡಾಕಿ ಹೊತ್ತು ಮುಳುಗೂತನಾ ಹೊಲದ ಕೆಲಸ ಮಾಡ್ತಾಳ."

"ಹಿಟ್ಟಿಂದು ಏನ್ ಊಟರೀ ಅದು?"

"ನೀವು ಉಂಡು ನೋಡೀರೇನು? ಉಣಲಾರದ ಅಸಾಧ್ಯ ಅಂತ ಹೆಂಗ ಬರದ್ರಿ? ನೀವು ಶಿಕ್ಷಕಿ ಹೌದೋ ಅಲ್ಲೋ?"

ಅವರು ಮೇಜು ಕುಟ್ಟಿದರು. ನಾನೂ ಕುಟ್ಟಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನೋಡಿದಳು. ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು. ಈ ಇಡೀ ಜಗಳದಲ್ಲಿ ನಾನು ಒಂದು ಪದಕ್ಕೂ ತಡವರಿಸಿರಲಿಲ್ಲ. ಪಾಠ ನೆನಪಿಸಿಕೊಂಡಿರಲಿಲ್ಲ, ಗುರುಗಳೇ ಎಂದಿರಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ಒಬ್ಬರು ಅದೇ ಭಾಷೆಯಲ್ಲಿ ನನಗೆ ಎದುರು ಮಾತಾಡಿದ್ದರು. ಅಷ್ಟು ಸುಖ ನನಗೆ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ.

ಬು ರೋತುವಾ ತಮ್ಮ 'ಅಸಾಧ್ಯ'ಕ್ಕೆ ತಾವೇ ಗೆರೆ ಹೊಡೆದು, ಮೇಲೆ 'ಸರಿ' ಎಂದು ಬರೆದರು. ಐದು ಇದ್ದ ಅಂಕ ಐದೂವರೆ ಆಯಿತು. ಆಮೇಲೆ, ಮನೆಯಲ್ಲಿ ಯಾರಿದ್ದಾರೆ, ಏನು ಕೆಲಸ ಎಂದೆಲ್ಲ ಕೇಳಿದರು. ಹೇಳಿದೆ. ಅವರ ಮುಖ ಮೆತ್ತಗಾಯಿತು. ಪೆನ್ನು ಮತ್ತೆ ಪುಟದ ಮೇಲೆ ಬಂತು.

"ಅರ್ಧ ಮಾರ್ಕು ಏನ್ ಮಹಾ. ಆರು ಮಾಡ್ತೇನಿ."

ನಾನು ಅಂಕದ ಮೇಲೆ ಅಂಗೈ ಮುಚ್ಚಿದೆ. "ಬ್ಯಾಡ್ರಿ."

"ಯಾಕ? ಅಷ್ಟ ದೂರದಿಂದ ಬಂದೀರಿ."

"ದೂರಕ್ಕ ಮಾರ್ಕ್ ಕೊಡ್ತೀರೇನು?"

ನಾನು ಹೇಳಿದೆ, ಓದಲು ಬಾರದ ಎಷ್ಟು ಮಕ್ಕಳಿಗೆ ನಾನೇ ಅರ್ಧ, ಒಂದು ಎಂದು ಸೇರಿಸಿ ನಗುತ್ತ ಮುಂದಿನ ಇಯತ್ತೆಗೆ ದಾಟಿಸಿದ್ದೇನೆ. ಕನಿಕರ ಎಂದುಕೊಂಡಿದ್ದೆ. ಕೂತು ಕಲಿಸುವ ತ್ರಾಸು ತಪ್ಪಿಸಿಕೊಂಡದ್ದು ಅದು. ನನಗೆ ಯಾರೂ ಹಾಗೆ ಮಾಡುವುದು ಬೇಡ.

ಬು ರೋತುವಾ ನನ್ನ ಕೈ ಸರಿಸಿ, ಐದೂವರೆಯನ್ನು ಕೆಂಪಿನಲ್ಲೇ ದಪ್ಪಗೆ ತಿದ್ದಿ, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದರು.

"ಅಳಾಕತ್ತೀರಲ್ಲ? ನಪಾಸ್ ಆದದ್ದಕ್ಕೇನು?"

"ಅಲ್ರಿ. ಏಳು ವರ್ಷ ಬರದೀನಿ. ಪೂರ್ತಿ ಓದಿದವ್ರು ನೀವ ಮೊದಲು."

ಅವರು ಒಂದನೇ ನೋಟುಬುಕ್ಕಿನ ಒಂದನೇ ಪುಟ ತೆರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ಇನ್ನ ಮೂರು ದಿನ ಇರ್ತೀರಲ್ಲ? ಕಣ್ಣ ಒರಸ್ಕೋರಿ. ಮೊದಲ್ನೇ ತಪ್ಪಿಂದ ಸುರು ಮಾಡೂಣು."